ನೆರೆಮನೆಯ ಹಬ್ಬಕ್ಕೆ ಎಂಥ ಶುಭಾಶಯ ಪತ್ರ?

ಕಳೆದ ಡಿಸೆಂಬರಿನ ಒಂದು ಸಂಜೆ ಐದನೆಯ ತರಗತಿಯಲ್ಲಿ ಓದುವ ನನ್ನ ಮಗಳು ಕತ್ತರಿ, ಅಂಟು, ಬಣ್ಣದ ಕಾಗದ ಹರಡಿಕೊಂಡು ಕುಳಿತಿದ್ದಳು. ಶಾಲೆಯಲ್ಲಿ ಕ್ರಿಸ್ಮಸ್ ಅಲಂಕಾರಕ್ಕೆ ಪ್ರತಿಯೊಬ್ಬರೂ ಒಂದೊಂದು ನಕ್ಷತ್ರ ತರಬೇಕೆಂದು ಟೀಚರ್ ಹೇಳಿದ್ದರಂತೆ. ನಾನು ಮಗ್ರಿಬ್ ನಮಾಝ್ ಮುಗಿಸಿ ಬಂದಾಗ ಕತ್ತರಿ ಕೆಳಗಿಟ್ಟು ಕೇಳಿದಳು: "ಅಬ್ಬಾ, ನಾನು ನಕ್ಷತ್ರ ಮಾಡಿದರೆ ತಪ್ಪಾಗ್ತದಾ?" ಚಾವಡಿಯಲ್ಲಿದ್ದ ಅವಳ ಅಜ್ಜಿ, "ತಪ್ಪಲ್ಲದೆ ಮತ್ತೇನು?" ಎಂದರು. ಅಡುಗೆಮನೆಯಿಂದ ಅವಳ ತಾಯಿ, "ಕಾಗದ ಕತ್ತರಿಸಿದ್ರೆ ಏನು ತಪ್ಪು?" ಎಂದಳು. ಆಮೇಲೆ ಮೂವರೂ ನನ್ನ ಮುಖ ನೋಡಿದರು. ಮದ್ರಸದಲ್ಲಿ ಪಾಠ ಹೇಳುವವನು ಮನೆಯಲ್ಲಿದ್ದರೆ ಇಂಥ ಪ್ರಶ್ನೆಗಳಿಂದ ತಪ್ಪಿಸಿಕೊಳ್ಳುವಂತಿಲ್ಲ.

ಈ ಪ್ರಶ್ನೆ ನಮ್ಮ ಮನೆಯದು ಮಾತ್ರವಲ್ಲ. ಕರಾವಳಿಯ ಎಷ್ಟೋ ಊರುಗಳಲ್ಲಿ ನಮ್ಮ ಕಂಪೌಂಡಿಗೆ ತಾಗಿಯೇ ಕ್ರೈಸ್ತ ಸಹೋದರರ ಕಂಪೌಂಡು ಇದೆ. ಈದ್‌ನಂದು ನಮ್ಮ ಮನೆಯ ಬಿರಿಯಾನಿ ಅಲ್ಲಿಗೆ ಹೋಗುತ್ತದೆ, ಡಿಸೆಂಬರಿನಲ್ಲಿ ಅವರ ಮನೆಯ ಕುಸ್ವಾರ್ ತಟ್ಟೆ ಇಲ್ಲಿಗೆ ಬರುತ್ತದೆ. ಬಂದ ತಟ್ಟೆಯನ್ನು ಬರಿದಾಗಿ ಹಿಂದಿರುಗಿಸುವುದು ನಮ್ಮವರ ಪದ್ಧತಿಯಲ್ಲ. ಆದರೆ ಅದರ ಜೊತೆಗೆ ಕಳಿಸುವ ಕಾರ್ಡಿನ ಮೇಲೆ ಏನು ಬರೆದಿದೆ, ಏನು ಚಿತ್ರವಿದೆ ಎಂದು ನಮ್ಮಲ್ಲಿ ಎಷ್ಟು ಮಂದಿ ನೋಡುತ್ತಾರೆ? ಅಂಗಡಿಯಲ್ಲಿ ಕೈಗೆ ಸಿಕ್ಕಿದ್ದನ್ನು ಕೊಳ್ಳುತ್ತೇವೆ. ಈಗಂತೂ ಮೊಬೈಲಿಗೆ ಬಂದ ಚಿತ್ರವನ್ನು ಪೂರ್ತಿ ನೋಡದೆಯೇ ಹತ್ತು ಮಂದಿಗೆ ದಾಟಿಸುತ್ತೇವೆ. ಇನ್ನು ಕೆಲವರು ಈ ಗೊಡವೆಯೇ ಬೇಡವೆಂದು ಆ ತಿಂಗಳಿಡೀ ನೆರೆಮನೆಯ ಕಡೆಗೆ ತಲೆ ಹಾಕುವುದಿಲ್ಲ. ಎರಡರಲ್ಲೂ ನೆರೆಯವರ ಬಗ್ಗೆ ಯೋಚಿಸುವ ಕೆಲಸ ಹಾಗೆಯೇ ಉಳಿದುಬಿಡುತ್ತದೆ.

ನಾನೇ ಮಾಡಿದ ಒಂದು ತಪ್ಪನ್ನು ಮೊದಲು ಹೇಳಿಬಿಡುತ್ತೇನೆ. ಮಗಳು ಇನ್ನೂ ಹಾಲುಗೂಸಾಗಿದ್ದ ಕಾಲ. ನಮ್ಮ ಪಕ್ಕದ ಮನೆಯಲ್ಲಿ ವಯಸ್ಸಾದ ಕೆಥೋಲಿಕ್ ದಂಪತಿಗಳಿದ್ದರು. ನನ್ನ ಪತ್ನಿಯ ಬಾಣಂತನದಲ್ಲಿ ಆ ಬಾಯಮ್ಮ ಮಾಡಿದ ಉಪಕಾರ ಅಷ್ಟಿಷ್ಟಲ್ಲ. ಡಿಸೆಂಬರ್ 24ರ ಸಂಜೆ ಮನೆಗೆ ಬರುವ ದಾರಿಯಲ್ಲಿ ಬಸ್ ನಿಲ್ದಾಣದ ಅಂಗಡಿಯಿಂದ ಮಿರಮಿರ ಮಿನುಗುವ ಒಂದು ಕಾರ್ಡು ಕೊಂಡೆ. ಕೆಂಪು ಟೋಪಿಯ ಮುದುಕ ಕುಣಿಯುತ್ತಿರುವ ಚಿತ್ರ. ಬಿಡಿಸಿದರೆ ಸಂಗೀತ ಬರುತ್ತಿತ್ತು. ತಂದು ಅವರ ಕೈಗಿತ್ತೆ. ಬಾಯಮ್ಮ ಬಿಡಿಸಿದರು, ಸಂಗೀತ ಮೊಳಗಿತು. ಅವರು ಅದನ್ನು ಮೆಲ್ಲನೆ ಮುಚ್ಚಿ, "ಉಪಕಾರ ಮಾಷ್ಟ್ರೇ" ಎಂದರು. ಅವರ ಪತಿ ತೀರಿಕೊಂಡು ಮೂರು ತಿಂಗಳೂ ಆಗಿರಲಿಲ್ಲ. ಶವಸಂಸ್ಕಾರಕ್ಕೆ ನಾನೂ ಹೋಗಿ ನಿಂತಿದ್ದೆ. ಆ ವರ್ಷ ಅವರ ಮನೆಯ ಮುಂದೆ ನಕ್ಷತ್ರ ತೂಗಿರಲಿಲ್ಲ, ಅಡುಗೆಮನೆಯಿಂದ ಕುಸ್ವಾರ್ ಕರಿಯುವ ವಾಸನೆ ಬಂದಿರಲಿಲ್ಲ. ದಿನಕ್ಕೆ ನಾಲ್ಕು ಸಲ ಆ ಗೇಟನ್ನು ದಾಟಿ ಹೋಗುತ್ತಿದ್ದ ನಾನು ಅದನ್ನು ಗಮನಿಸಿರಲಿಲ್ಲ. ಚಿತ್ರವನ್ನು ಮನೆಗೆ ಬಂದ ಮೇಲೆ ನೆನಪಿಸಿಕೊಂಡೆ. ಆ ಮುದುಕನ ಕೈಯಲ್ಲಿ ಮದ್ಯದ ಬಾಟಲಿಯೊಂದಿತ್ತು. ಮದ್ರಸದ ಅಧ್ಯಾಪಕನೊಬ್ಬ ದುಃಖದ ಮನೆಗೆ ಕುಣಿತದ ಮತ್ತು ಕುಡಿತದ ಚಿತ್ರವನ್ನು ಕೊಂಡೊಯ್ದಿದ್ದ.

ಆ ಕಾರ್ಡಿನಲ್ಲಿ ಶಿಲುಬೆ ಇರಲಿಲ್ಲ, ದೇವಪುತ್ರನೆಂಬ ಮಾತೂ ಇರಲಿಲ್ಲ. ವಿಶ್ವಾಸದ ದೃಷ್ಟಿಯಿಂದ ನಾನು 'ಸುರಕ್ಷಿತ'ವಾದುದನ್ನೇ ಆರಿಸಿದ್ದೆ ಎಂದು ಬೇಕಾದರೆ ವಾದಿಸಬಹುದು. ಅಂದಿನಿಂದ ಈ ವಿಷಯದಲ್ಲಿ ಒಂದು ಪ್ರಶ್ನೆಯ ಬದಲು ಎರಡು ಪ್ರಶ್ನೆ ಕೇಳಿಕೊಳ್ಳುತ್ತಿದ್ದೇನೆ. ಈ ಕಾರ್ಡು ಹೇಳುವ ಮಾತನ್ನು ನಾನು ಸುಳ್ಳಾಡದೆ ಹೇಳಬಲ್ಲೆನೇ? ಪಡೆಯುವವರು ಇದನ್ನು ನೋವಿಲ್ಲದೆ, ಮುಜುಗರವಿಲ್ಲದೆ ತಮ್ಮ ಮನೆಯಲ್ಲಿ ಇಟ್ಟುಕೊಳ್ಳಬಲ್ಲರೇ?

ಕಾರ್ಡಿನ ಚಿತ್ರಗಳು ಏನು ಹೇಳುತ್ತವೆ?

ಮುದ್ರಿತ ಕ್ರಿಸ್ಮಸ್ ಕಾರ್ಡು ಬಹಳ ಪುರಾತನವಾದುದೇನಲ್ಲ. ಇಂಗ್ಲೆಂಡಿನಲ್ಲಿ 1840ರಲ್ಲಿ ಒಂದು ಪೆನ್ನಿಗೆ ಪತ್ರ ಕಳಿಸುವ ಅಂಚೆ ವ್ಯವಸ್ಥೆ ಬಂತು. ಅದರ ಜಾರಿಗೆ ದುಡಿದವರಲ್ಲಿ ಹೆನ್ರಿ ಕೋಲ್ ಎಂಬವರೊಬ್ಬರು. 1843ರಲ್ಲಿ ಅವರು ಜಾನ್ ಕಾಲ್ಕಾಟ್ ಹಾರ್ಸ್ಲಿ ಎಂಬ ಚಿತ್ರಕಾರನಿಂದ ಒಂದು ಕಾರ್ಡು ಬರೆಯಿಸಿ ಅಚ್ಚು ಹಾಕಿಸಿ, ಒಂದಕ್ಕೆ ಒಂದು ಶಿಲ್ಲಿಂಗ್‌ನಂತೆ ಮಾರಾಟಕ್ಕಿಟ್ಟರು. (ಅದೇ 1843ರಲ್ಲಿ ಇತ್ತ ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗ್ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಹೊರತಂದರು. ಕನ್ನಡ ಓದಿದವನಿಗೆ ಈ ಇಸವಿ ಸುಲಭವಾಗಿ ನೆನಪಿರುತ್ತದೆ.) ಆ ಮೊದಲ ಕಾರ್ಡಿನಲ್ಲಿ ಯೇಸು ಇರಲಿಲ್ಲ, ಗೋದಲಿ ಇರಲಿಲ್ಲ, ನಕ್ಷತ್ರವೂ ಇರಲಿಲ್ಲ. ನಡುವೆ ಒಂದು ಕುಟುಂಬ ಊಟಕ್ಕೆ ಕುಳಿತ ಚಿತ್ರ. ಒಂದು ಬದಿಯಲ್ಲಿ ಬಡವರಿಗೆ ಅನ್ನ, ಇನ್ನೊಂದು ಬದಿಯಲ್ಲಿ ವಸ್ತ್ರ ಕೊಡುವ ಚಿತ್ರ. ಆದರೆ ಊಟದ ಚಿತ್ರದಲ್ಲಿ ಎಲ್ಲರ ಕೈಯಲ್ಲಿ ದ್ರಾಕ್ಷಾರಸವಿತ್ತು, ಮಗುವೊಂದಕ್ಕೂ ಕುಡಿಸಲಾಗುತ್ತಿತ್ತು. ಅದನ್ನು ಕಂಡು ಆಕ್ಷೇಪಿಸಿದವರು ಮುಸ್ಲಿಮರಲ್ಲ, ಪಾನವಿರೋಧಿಗಳಾದ ಅಲ್ಲಿನ ಕ್ರೈಸ್ತರೇ! ಕಾರ್ಡಿನ ಚಿತ್ರ ಪಡೆಯುವವರ ಮನಸ್ಸನ್ನು ನೋಯಿಸಬಹುದೆಂಬ ತಕರಾರು ಕಾರ್ಡಿನಷ್ಟೇ ಹಳೆಯದು.

ಆದುದರಿಂದ ಡಿಸೆಂಬರಿನಲ್ಲಿ ಕಾಣುವ ಎಲ್ಲವನ್ನೂ ಒಂದೇ ತಕ್ಕಡಿಗೆ ಹಾಕಬಾರದು. ಹಿಮ, ಗಂಟೆ, ಹೂವು, ಹಕ್ಕಿ ಇವು ಯುರೋಪಿನ ಚಳಿಗಾಲದ ಸಂಗತಿಗಳು. ಮಂಗಳೂರಿನ ಬೆವರಿನಲ್ಲಿ ಹಿಮದ ಚಿತ್ರ ಕಳಿಸುವುದು ತಮಾಷೆಯೆನಿಸಿದರೂ ಅದರಲ್ಲಿ ವಿಶ್ವಾಸದ ಮಾತೇನೂ ಇಲ್ಲ. ಅಲಂಕರಿಸಿದ ಮರ ಜರ್ಮನಿಯಿಂದ ಬಂದುದು. ವಿಕ್ಟೋರಿಯಾ ರಾಣಿಯ ಕುಟುಂಬ ಅಂಥ ಮರದ ಸುತ್ತ ನಿಂತ ಚಿತ್ರ 1848ರಲ್ಲಿ ಪತ್ರಿಕೆಯೊಂದರಲ್ಲಿ ಪ್ರಕಟವಾದ ಮೇಲೆ ಇಂಗ್ಲೆಂಡಿನಲ್ಲಿ ಜನಪ್ರಿಯವಾಯಿತು. ಸಾಂತಾ ಕ್ಲಾಸ್‌ನ ಮೂಲ ನಾಲ್ಕನೆಯ ಶತಮಾನದ ಮೈರಾ ಪಟ್ಟಣದ ಬಿಷಪ್ ನಿಕೋಲಾಸ್. ಆ ಊರು ಇಂದು ತುರ್ಕಿಯಲ್ಲಿದೆ.

ನಕ್ಷತ್ರದ ಕತೆ ಸ್ವಲ್ಪ ಬೇರೆ. ಮತ್ತಾಯನ ಸುವಾರ್ತೆಯಲ್ಲಿ ಪೂರ್ವದ ಜ್ಞಾನಿಗಳಿಗೆ ದಾರಿ ತೋರಿದ ನಕ್ಷತ್ರದ ಪ್ರಸ್ತಾಪವಿದೆ. ಕ್ರೈಸ್ತರ ಮನೆಯ ಮುಂದೆ ತೂಗುವಾಗ ಅದಕ್ಕೆ ಆ ಅರ್ಥವಿದೆ. ಆದರೆ ನಕ್ಷತ್ರವನ್ನು ಅವರು ಪೂಜಿಸುವುದಿಲ್ಲ. ಅದು ಮನೆಯಲ್ಲಿ ಹಬ್ಬವಿದೆಯೆಂದು ಸಾರುವ ಒಂದು ದೀಪ.

ಗೋದಲಿ ಮತ್ತು ಶಿಲುಬೆ ಹಾಗಲ್ಲ. ಅವು ವಿಶ್ವಾಸದ ಮಾತುಗಳೇ ಆಗಿವೆ. ಗೋದಲಿಯನ್ನು ರೂಢಿಗೆ ತಂದವರು ಇಟೆಲಿಯ ಸಂತ ಫ್ರಾನ್ಸಿಸರು. 1223ರಲ್ಲಿ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ಹುಲ್ಲು, ಎತ್ತು, ಕತ್ತೆಗಳನ್ನಿಟ್ಟು ಅವರು ಆ ದೃಶ್ಯವನ್ನು ಜನರಿಗೆ ತೋರಿಸಿದರು. ಅದಕ್ಕೆ ನಾಲ್ಕು ವರ್ಷ ಮೊದಲು, 1219ರಲ್ಲಿ, ಶಿಲುಬೆ ಯುದ್ಧ ನಡೆಯುತ್ತಿದ್ದಾಗಲೇ ಇದೇ ಫ್ರಾನ್ಸಿಸರು ಈಜಿಪ್ಟಿನಲ್ಲಿ ಸುಲ್ತಾನ್ ಅಲ್ ಕಾಮಿಲ್‌ರ ಶಿಬಿರಕ್ಕೆ ಹೋಗಿದ್ದರು. ಸುಲ್ತಾನರು ಸಲಾಹುದ್ದೀನ್ ಅಯ್ಯೂಬಿಯವರ ಸಹೋದರನ ಮಗ. ಇಬ್ಬರೂ ತಮ್ಮ ತಮ್ಮ ವಿಶ್ವಾಸದಲ್ಲೇ ಉಳಿದರು; ಅತಿಥಿ ಸುರಕ್ಷಿತವಾಗಿ ಹಿಂದಿರುಗಿದರು.

ನಾವು ಗೋದಲಿಯ ಚಿತ್ರವಿರುವ ಕಾರ್ಡನ್ನು ಏಕೆ ಆರಿಸುವುದಿಲ್ಲ ಎಂಬುದನ್ನು ಮಕ್ಕಳಿಗೆ ಸರಿಯಾಗಿ ತಿಳಿಸಬೇಕು. ಹಝ್ರತ್ ಈಸಾ(ಅ)ರ ಮೇಲೆ ನಮಗೆ ಪ್ರೀತಿ ಇಲ್ಲವೆಂಬುದು ಕಾರಣವಲ್ಲ. ಅವರು ಕನ್ಯೆ ಮರ್ಯಮ್(ಅ)ರಿಗೆ ಜನಿಸಿದ ಪ್ರವಾದಿ, ಮಸೀಹ್ ಎಂದು ನಂಬದವನು ಮುಸ್ಲಿಮನೇ ಅಲ್ಲ. ಪವಿತ್ರ ಕುರ್‌ಆನಿನಲ್ಲಿ ಹೆಸರಿನಿಂದ ಕರೆಯಲ್ಪಟ್ಟ ಏಕೈಕ ಮಹಿಳೆ ಹಝ್ರತ್ ಮರ್ಯಮ್(ಅ). ಅವರ ಹೆಸರಿನ ಅಧ್ಯಾಯದಲ್ಲಿ ಆ ಜನನದ ವರ್ಣನೆಯೂ ಇದೆ: ಪ್ರಸವ ವೇದನೆಯಲ್ಲಿ ಖರ್ಜೂರದ ಮರದ ಬುಡಕ್ಕೆ ಒರಗಿದ ತಾಯಿ, ಕಾಲ ಬಳಿ ಹರಿಯುವ ತೊರೆ, ಕುಲುಕಿದರೆ ಉದುರುವ ಹಣ್ಣು. ಆದರೆ ನಾವು ಪ್ರವಾದಿಗಳ ಚಿತ್ರ ಬಿಡಿಸುವುದಿಲ್ಲ, ಮೂರ್ತಿ ಮಾಡುವುದಿಲ್ಲ. ನಮ್ಮ ಪ್ರವಾದಿವರ್ಯ(ಸ)ರದನ್ನೂ ಇಲ್ಲ. ಅದೇ ಗೌರವ ಈಸಾ(ಅ)ರಿಗೂ ಸಲ್ಲುತ್ತದೆ. ಅವರನ್ನು ದೇವಪುತ್ರನೆಂದು ಕರೆಯುವ ಮಾತಿಗೆ ಸಹಿ ಹಾಕಲೂ ನಮ್ಮ ಏಕದೇವವಿಶ್ವಾಸ ಒಪ್ಪುವುದಿಲ್ಲ.

ವಿದ್ವಾಂಸರ ಅಭಿಪ್ರಾಯಗಳು

ಈ ವಿಷಯದಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯ ಇದೆಯೆಂಬುದನ್ನು ಮುಚ್ಚಿಡುವಂತಿಲ್ಲ. ಇಮಾಮ್ ಇಬ್ನು ತೈಮಿಯ್ಯಾ (ಮರಣ 1328) ಮತ್ತು ಅವರ ಶಿಷ್ಯ ಇಬ್ನುಲ್ ಖಯ್ಯಿಮ್ (ಮರಣ 1350) ಅನ್ಯರ ಧಾರ್ಮಿಕ ಹಬ್ಬಗಳಲ್ಲಿ ಭಾಗಿಯಾಗುವುದನ್ನೂ ಆ ಸಂದರ್ಭದ ಅಭಿನಂದನೆಗಳನ್ನೂ ಬಲವಾಗಿ ವಿರೋಧಿಸಿದ್ದಾರೆ. ಇಂದಿಗೂ ಅನೇಕ ವಿದ್ವಾಂಸರ ನಿಲುವು ಅದೇ. ಇನ್ನೊಂದು ಕಡೆ, 1997ರಲ್ಲಿ ಸ್ಥಾಪನೆಯಾದ ಯುರೋಪಿನ ಫತ್ವಾ ಮತ್ತು ಸಂಶೋಧನಾ ಸಮಿತಿಯು, ಶಿಲುಬೆಯಂಥ ಧಾರ್ಮಿಕ ಚಿಹ್ನೆಗಳಾಗಲಿ ಇಸ್ಲಾಮಿಗೆ ವಿರುದ್ಧವಾದ ವಾಕ್ಯಗಳಾಗಲಿ ಇಲ್ಲದ ಕಾರ್ಡಿನ ಮೂಲಕ ಶುಭ ಕೋರಬಹುದೆಂದು ಅಭಿಪ್ರಾಯಪಟ್ಟಿತು. ಧರ್ಮದ ಹೆಸರಿನಲ್ಲಿ ನಿಮ್ಮೊಡನೆ ಯುದ್ಧ ಮಾಡದ, ನಿಮ್ಮನ್ನು ಮನೆಗಳಿಂದ ಹೊರಗಟ್ಟದ ಜನರೊಂದಿಗೆ ಒಳಿತನ್ನೂ ನ್ಯಾಯವನ್ನೂ ಪಾಲಿಸುವುದನ್ನು ಅಲ್ಲಾಹನು ತಡೆಯುವುದಿಲ್ಲವೆಂಬ ಆಶಯದ ಮುಮ್ತಹಿನಃ ಅಧ್ಯಾಯದ 8ನೆಯ ಸೂಕ್ತ ಈ ಅಭಿಪ್ರಾಯಕ್ಕೆ ಆಧಾರ. ನನ್ನ ಮನಸ್ಸು ಈ ಎರಡನೆಯದರ ಕಡೆಗಿದೆ. ಮೊದಲನೆಯದನ್ನು ಅನುಸರಿಸುವವರನ್ನು ಸಂಕುಚಿತರೆಂದು ಜರೆಯುವುದು ನನಗೆ ಇಷ್ಟವಿಲ್ಲ. ಅವರಿಗೆ ನೆರೆಮನೆಗೆ ಹೋಗಲು, ರೋಗಿಯನ್ನು ವಿಚಾರಿಸಲು ವರ್ಷದಲ್ಲಿ ಉಳಿದ ದಿನಗಳಿವೆ. ಹೋಗಬೇಕಷ್ಟೆ.

ಸಹಾಬಿ ಅಬ್ದುಲ್ಲಾ ಬಿನ್ ಅಮ್ರ್(ರ)ರ ಮನೆಯಲ್ಲಿ ಆಡು ಕೊಯ್ದಾಗ ಅವರು ಮತ್ತೆ ಮತ್ತೆ ಕೇಳಿದ್ದು, ನಮ್ಮ ಯಹೂದಿ ನೆರೆಯವನಿಗೆ ಕೊಟ್ಟಿರಾ ಎಂದು. ಬುಖಾರಿಯಲ್ಲಿ ಇನ್ನೊಂದು ಘಟನೆಯಿದೆ. ಪ್ರವಾದಿ(ಸ)ರು ಹಝ್ರತ್ ಉಮರ್(ರ)ರಿಗೆ ಒಂದು ರೇಷ್ಮೆಯ ನಿಲುವಂಗಿ ಕಳಿಸಿದರು. ಇದನ್ನು ನಾವು ತೊಡಬಾರದಲ್ಲವೇ ಎಂದು ಉಮರ್(ರ) ಕೇಳಿದಾಗ, ತೊಡುವುದಕ್ಕಾಗಿ ಕೊಟ್ಟದ್ದಲ್ಲವೆಂಬ ಉತ್ತರ ಬಂತು. ಉಮರ್(ರ) ಅದನ್ನು ಮಕ್ಕಾದಲ್ಲಿದ್ದ, ಇನ್ನೂ ಇಸ್ಲಾಮ್ ಸ್ವೀಕರಿಸದ ತನ್ನ ಸಹೋದರನಿಗೆ ಕೊಟ್ಟರು. ನಾನು ಬಳಸದ ವಸ್ತು ಇನ್ನೊಬ್ಬರಿಗೆ ಉಡುಗೊರೆಯಾಗಬಹುದು ಎಂಬುದಕ್ಕೆ ಇದು ಪುರಾವೆ. ಆದರೆ ಇದನ್ನು ಬೇಕಾದಷ್ಟು ಎಳೆಯಲಾಗದು. ರೇಷ್ಮೆ ಬಟ್ಟೆಯೇ ಹೊರತು ಆರಾಧನೆಯ ವಸ್ತುವಲ್ಲ. ಆದುದರಿಂದ ನಾನು ನೆರೆಯವರಿಗೆ ನಕ್ಷತ್ರದ ಗೂಡುದೀಪ ತಂದುಕೊಡುತ್ತೇನೆ, ಶಿಲುಬೆಯನ್ನಾಗಲಿ ಗೋದಲಿಯ ಮೂರ್ತಿಗಳನ್ನಾಗಲಿ ತಂದುಕೊಡುವುದಿಲ್ಲ. ಅವುಗಳನ್ನು ಆರಿಸುವ ಹಕ್ಕು ಅವುಗಳ ಮುಂದೆ ಪ್ರಾರ್ಥಿಸುವವರದು.

ಒಳಗೆ ಏನು ಬರೆಯಬೇಕು?

ಚಿತ್ರಕ್ಕಿಂತ ಮಾತು ಮುಖ್ಯ. ರೋಮ್ ಚಕ್ರವರ್ತಿ ಹೆರಾಕ್ಲಿಯಸ್‌ಗೆ ಪ್ರವಾದಿ(ಸ)ರು ಬರೆಸಿದ ಪತ್ರವನ್ನು ನೋಡಿ. ರೋಮನರ ನಡುವೆ ಹಿರಿಯನೆಂದು ಅವನ ಸ್ಥಾನವನ್ನು ಒಪ್ಪಿ ಸಂಬೋಧಿಸಲಾಗಿದೆ. ಆದರೆ ತನ್ನ ಪ್ರವಾದಿತ್ವವನ್ನು ಮರೆಮಾಡುವ ಒಂದು ಪದವೂ ಅದರಲ್ಲಿಲ್ಲ. ಕ್ರೈಸ್ತರೂ ನಮಗೆ ಬರೆಯುವಾಗ ಇಂಥದೇ ಎಚ್ಚರ ವಹಿಸುತ್ತಾರೆ. 1967ರಿಂದ ಪ್ರತಿ ವರ್ಷ ರಮಝಾನ್ ಮುಗಿಯುವ ಸಮಯಕ್ಕೆ ವ್ಯಾಟಿಕನ್ ಜಗತ್ತಿನ ಮುಸ್ಲಿಮರಿಗೆ ಶುಭಾಶಯ ಸಂದೇಶ ಕಳಿಸುತ್ತಿದೆ. 1991ರಲ್ಲಿ, ಕೊಲ್ಲಿ ಯುದ್ಧ ನಡೆದ ವರ್ಷ, ಅದಕ್ಕೆ ಸ್ವತಃ ಪೋಪ್ ಎರಡನೆಯ ಜಾನ್ ಪಾಲರೇ ಸಹಿ ಹಾಕಿದರು. ಉಪವಾಸ, ಪ್ರಾರ್ಥನೆ, ದಾನಗಳನ್ನು ಗೌರವದಿಂದ ಸ್ಮರಿಸುವ ಅಂಥ ಸಂದೇಶಗಳಲ್ಲಿ ಅವರು ನಮ್ಮ ಕಲಿಮಾ ಉಚ್ಚರಿಸುವುದಿಲ್ಲ. ನಾವೂ ಅದನ್ನು ನಿರೀಕ್ಷಿಸುವುದಿಲ್ಲ. ಅತ್ತ 2007ರ ಅಕ್ಟೋಬರಿನಲ್ಲಿ 138 ಮುಸ್ಲಿಮ್ ವಿದ್ವಾಂಸರು ಕ್ರೈಸ್ತ ಧರ್ಮಗುರುಗಳಿಗೆ ಬಹಿರಂಗ ಪತ್ರ ಬರೆದರು; ಅದೇ ವರ್ಷದ ಡಿಸೆಂಬರಿನಲ್ಲಿ ಅವರ ಕಡೆಯಿಂದ ಕ್ರಿಸ್ಮಸ್ ಶುಭಾಶಯವೂ ಹೋಯಿತು.

ನನ್ನ ಸಲಹೆ ಇಷ್ಟು. ಒಳಗೆ ಏನೂ ಅಚ್ಚಾಗದ ಕಾರ್ಡನ್ನು ಆರಿಸಿ, ನಾಲ್ಕು ಸಾಲನ್ನು ಕೈಯಾರೆ ಬರೆಯಿರಿ. 'ಲೋಕರಕ್ಷಕನ ಜನನದ ಹರ್ಷದಲ್ಲಿ' ಎಂದು ಅಚ್ಚಾಗಿರುವುದಕ್ಕೆ ಕೆಳಗೆ ಹೆಸರು ಹಾಕುವುದಕ್ಕಿಂತ, 'ನಿಮ್ಮ ಹಬ್ಬದ ದಿನಗಳಲ್ಲಿ ನಿಮ್ಮ ಮನೆಯವರಿಗೆಲ್ಲ ಆರೋಗ್ಯ, ನೆಮ್ಮದಿ ಇರಲಿ; ದುಬೈಯಲ್ಲಿರುವ ಮಗ ಈ ಸಲ ಊರಿಗೆ ಬರುವಂತಾಗಲಿ' ಎಂದು ಬರೆದರೆ ಅದನ್ನು ಅವರು ಎರಡು ಸಲ ಓದುತ್ತಾರೆ. ಈಸಾ(ಅ)ರು ಹುಟ್ಟಿದ ದಿನದ ಮೇಲೆ ಶಾಂತಿ ಇದೆಯೆಂದು ನಮ್ಮ ಗ್ರಂಥವೇ ಹೇಳಿರುವಾಗ ಶಾಂತಿ ಎಂಬ ಪದವನ್ನು ಬರೆಯಲು ನಮಗೆ ಅಳುಕೇಕೆ? ಕುರ್‌ಆನ್ ಸೂಕ್ತಗಳನ್ನು ಮಾತ್ರ ಕಾರ್ಡಿನ ಮೇಲೆ ಬರೆಯಬೇಡಿ. ಒಮ್ಮೆ ಈದ್‌ಗೆ ಪರಿಚಿತರೊಬ್ಬರು ಬಹಳ ಪ್ರೀತಿಯಿಂದ ಅರಬಿ ಸೂಕ್ತ ಅಚ್ಚಾದ ಮಿಠಾಯಿ ಪೆಟ್ಟಿಗೆ ಕಳಿಸಿದ್ದರು. ಮಿಠಾಯಿ ಅಂದೇ ಮುಗಿಯಿತು; ಎಸೆಯಲಾಗದ ಆ ಪೆಟ್ಟಿಗೆ ನಮ್ಮ ಕಪಾಟಿನಲ್ಲಿ ಎರಡು ವರ್ಷ ಇತ್ತು. ಅಂಥ ಪೇಚನ್ನು ನಾವು ಅವರಿಗೂ ತರಬಾರದು.

ಇನ್ನು, ಕ್ರೈಸ್ತರೆಲ್ಲ ಒಂದೇ ಎಂದು ತಿಳಿಯುವುದು ನಮ್ಮವರ ಸಾಮಾನ್ಯ ತಪ್ಪು. ಮುಸ್ಲಿಮರೆಲ್ಲ ಒಂದೇ ಎಂದು ಯಾರಾದರೂ ಹೇಳಿದರೆ ನಾವು ಎಷ್ಟು ಬೇಗ ತಿದ್ದುತ್ತೇವೆ! ಯೆಹೋವನ ಸಾಕ್ಷಿಗಳು ಕ್ರಿಸ್ಮಸ್ ಆಚರಿಸುವುದೇ ಇಲ್ಲ. ಬ್ರದರನ್ ಮತ್ತು ಪೆಂತಕೋಸ್ತ್ ಸಭೆಗಳವರಲ್ಲೂ ಆಚರಿಸದವರಿದ್ದಾರೆ. ಅವರಿಗೆ ಹೊಳೆಯುವ ಕಾರ್ಡು ಕಳಿಸಿದರೆ ಸಂತೋಷಕ್ಕಿಂತ ಸಂಕೋಚವೇ ಹೆಚ್ಚು. ಕೊಲ್ಲಿ ದೇಶಗಳಲ್ಲಿ ದುಡಿಯುವ ನಮ್ಮ ಸಹೋದರರಿಗೆ ಈಜಿಪ್ಟಿನ ಕೋಪ್ಟಿಕ್ ಕ್ರೈಸ್ತರ, ಇಥಿಯೋಪಿಯಾದವರ ಒಡನಾಟವಿರುತ್ತದೆ. ಅವರ ಹಬ್ಬ ಜನವರಿ 7ರಂದು. ಆ ದಿನ ನೆನಪಿಟ್ಟು ಶುಭ ಕೋರಿದರೆ ಅವರಿಗಾಗುವ ಸಂತೋಷ ಬೇರೆಯೇ. ಹಿಂದೂ, ಜೈನ ಸ್ನೇಹಿತರಿಗೆ ಡಿಸೆಂಬರಿನಲ್ಲಿ ಕ್ರಿಸ್ಮಸ್ ಕಾರ್ಡು ಕಳಿಸುವ ಅಗತ್ಯವಿಲ್ಲ, ಹೊಸ ವರ್ಷದ ಕ್ಯಾಲೆಂಡರ್ ಕಳಿಸಬಹುದು. ಹಲವು ಮತದವರು ಕೂಡಿರುವ ಕಚೇರಿಗೆ ಒಂದೇ ಕಾರ್ಡು ಬೇಕೆಂದಿದ್ದರೆ ಮಕ್ಕಳು ಬಿಡಿಸಿದ ಚಿತ್ರಗಳೇ ಒಳ್ಳೆಯವು. ಯುನಿಸೆಫ್‌ನ ಮೊದಲ ಕಾರ್ಡು 1949ರದು. ಯುದ್ಧದ ನಂತರ ನೆರವು ಪಡೆದ ಚೆಕೊಸ್ಲೊವಾಕಿಯಾದ ಏಳು ವರ್ಷದ ಹುಡುಗಿ ಕೃತಜ್ಞತೆಯಿಂದ ಬಿಡಿಸಿದ ಚಿತ್ರ. ಕಾಗದ ಸಿಗದೆ ಗಾಜಿನ ತುಂಡಿನ ಮೇಲೆ ಬಿಡಿಸಿದ್ದಳು.

ಶಾಲೆಯ ಅಲಂಕಾರದ ಬಗ್ಗೆ ಒಂದು ಮಾತು. ನಾನು ಹಿಂದೆ ಇದ್ದ ಶಾಲೆಯೊಂದರಲ್ಲಿ ಎಲ್ಲರನ್ನೂ ಮೆಚ್ಚಿಸಲು ಹೋಗಿ ಗೋದಲಿಯಲ್ಲಿ ಶಿಶುವಿನ ಮೂರ್ತಿಯನ್ನು ತೆಗೆದು, ಅಲ್ಲಿ ಓಂ, ಶಿಲುಬೆ, ಅರ್ಧಚಂದ್ರ ಮೂರನ್ನೂ ಅಂಟಿಸಿದರು. ಕ್ರೈಸ್ತ ಮಕ್ಕಳು ಮುಖ ಸಣ್ಣದು ಮಾಡಿಕೊಂಡರು. ನಮ್ಮ ಮಕ್ಕಳಿಗೂ ಅದರಿಂದ ಏನೂ ಸಿಗಲಿಲ್ಲ. ಗೋದಲಿ ಇಡುವುದಾದರೆ ಅದನ್ನು ನಂಬುವವರು ನಂಬುವ ಹಾಗೆಯೇ ಇಡಲಿ. ಅದನ್ನು ಕಟ್ಟಲು ನಮ್ಮ ಮಕ್ಕಳನ್ನು ಒತ್ತಾಯಿಸದಿರಲಿ, ನಮ್ಮ ಮಕ್ಕಳು ಅದರ ಮುಂದೆ ನಿಂತು ಕಿಸಕ್ಕನೆ ನಗದಿರಲಿ. ಖಲೀಫಾ ಉಮರ್(ರ) ಕ್ರಿ.ಶ. 638ರ ಸುಮಾರಿಗೆ ಜೆರುಸಲೇಮಿಗೆ ಹೋದಾಗ ಇಗರ್ಜಿಯೊಳಗೆ ನಮಾಝ್ ಮಾಡಲು ಒಪ್ಪದೆ ಹೊರಗೆ ಮಾಡಿದರೆಂದು ಚರಿತ್ರೆಕಾರರು ಬರೆದಿದ್ದಾರೆ. ಒಳಗೆ ಮಾಡಿದರೆ ಮುಂದಿನ ಮುಸ್ಲಿಮರು ಆ ಸ್ಥಳ ತಮ್ಮದೆನ್ನಬಹುದೆಂಬ ಆತಂಕ ಅವರಿಗಿತ್ತು. ಇನ್ನೊಬ್ಬರ ಪವಿತ್ರ ವಸ್ತುವನ್ನು ಅವರದಾಗಿಯೇ ಬಿಡುವುದು ಅವರ ರೀತಿ.

ಮಗಳಿಗೆ ನಾನು ಹೇಳಿದ್ದು: ನಕ್ಷತ್ರ ಮಾಡು, ಚೆನ್ನಾಗಿ ಮಾಡು. ಶಿಲುಬೆ ಬಿಡಿಸಲು ಹೇಳಿದರೆ ನನ್ನಿಂದಾಗದು ಎಂದು ಮರ್ಯಾದೆಯಿಂದ ಟೀಚರಿಗೆ ಹೇಳು. ನಾನು ಬಂದು ಮಾತಾಡುತ್ತೇನೆ. ಅಜ್ಜಿ ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತು ಕಳೆದು, "ಆ ಮೂಲೆ ಸರಿಯಾಗಿ ಮಡಚಲಿಲ್ಲ ನೀನು" ಎಂದು ತಾವೇ ಕಾಗದ ಕೈಗೆತ್ತಿಕೊಂಡರು.

ಡಿಸೆಂಬರ್ 23ರಂದು ಬಾಯಮ್ಮನಿಗೆ ಕಾರ್ಡು ಕೊಂಡುಹೋದೆ. ಮುಂದೆ ಒಂದು ಹಣತೆಯ ಚಿತ್ರ, ಒಳಗೆ ಖಾಲಿ. ಅವರ ಮಂಡಿನೋವಿನ ಬಗ್ಗೆ, ಬಾಣಂತನದ ದಿನಗಳ ಉಪಕಾರದ ಬಗ್ಗೆ ಆರು ಸಾಲು ಬರೆದಿದ್ದೆ. ಅವರು ಕನ್ನಡಕ ಹುಡುಕಿ ತಂದು ಓದಿ, ನಾವು ಈದ್‌ಗೆ ಕೊಟ್ಟಿದ್ದ ಕಾರ್ಡಿನ ಪಕ್ಕದಲ್ಲಿ ಕಿಟಕಿಯ ಮೇಲಿಟ್ಟರು. ಆಮೇಲೆ ಅಂಗಳದ ಕಡೆ ಕೈ ತೋರಿಸಿ, "ಮಾಷ್ಟ್ರೇ, ನಕ್ಷತ್ರದ ವಯರು ಜಾರಿದೆ. ಏಣಿ ಹತ್ತಲು ನನಗೆ ಆಗುವುದಿಲ್ಲ" ಎಂದರು. ಏಣಿ ಹತ್ತಿ ಕಟ್ಟಿಕೊಟ್ಟೆ. ಕೆಳಗೆ ಏಣಿ ಹಿಡಿದು ನಿಂತಿದ್ದವಳು ನನ್ನ ಮಗಳು.